ಹೊಸ ಹಾಯಿ, ಹಳೇ ಗೆರೆ

ಪ್ರಶ್ನೆ: ಕಾಕಾ, ನಮ್ಮದು ಧಾರವಾಡದ ಸಪ್ತಾಪುರ. ನನ್ನ ನೌಕರಿ ಹೈದರಾಬಾದಿನಲ್ಲಿ. ಹುಸೇನ್ ಸಾಗರದಲ್ಲಿ ಗೆಳತಿ ಜೊತೆ ಎಂಟರ್‌ಪ್ರೈಸ್ ಹಾಯಿದೋಣಿ ಓಡಿಸಲು ಕಲಿತಿದ್ದೇನೆ. ಬರುವ ತಿಂಗಳು ನಮ್ಮ ಮೊದಲ ರೇಸ್. ಹೊಸ ಹಾಯಿ ಹೊಲಿಯಲು ಕೊಟ್ಟಿದ್ದೇವೆ, ರೇಸಿಗೆ ಎರಡು ದಿನ ಮುಂಚೆ ಕೈಗೆ ಬರುತ್ತೆ. ಅದನ್ನೇ ಏರಿಸೋಣವಾ, ಹಳೆಯದೇ ಸಾಕಾ?
— ಓದುಗಿ, ಧಾರವಾಡ

ಉತ್ತರ: ನಮಗೂ ಎರಡೇ ದಿನ ಇತ್ತು ತಂಗಿ!

ನಾನು ಹುಬ್ಬಳ್ಳಿ ಬಿಟ್ಟು ಮುಂಬೈಯಲ್ಲಿ ನೌಕರಿಗಿದ್ದ ಕಾಲ. ಚುಕ್ಕಾಣಿ ಗೆಳೆಯನದು, ಮುಂದಿನ ಸಣ್ಣ ಹಾಯಿ ಜಿಬ್ ನನ್ನದು. ದೋಣಿ ನಿಮ್ಮದೇ ಜಾತಿಯದು: 1956ರಲ್ಲಿ ಜಾಕ್ ಹೋಲ್ಟ್ ರೂಪಿಸಿದ, 13 ಅಡಿ 3 ಇಂಚಿನ, ನೀಲಿ ಹಾಯಿಯ ದೋಣಿ. ಹೊಸ ಹಾಯಿ ಬಂತು. ಮದುವೆಗೆ ತಂದ ಸೀರೆಯ ಮಡಿಕೆ ಬಿಚ್ಚದೆ ಇಡ್ತಾರಲ್ಲ, ಹಾಗೆ ರೇಸಿನ ದಿನದವರೆಗೂ ಚೀಲದಲ್ಲೇ ಇಟ್ಟೆವು.

ಜೆಟ್ಟಿ ಮೇಲೆ ಬಿಚ್ಚಿ ನೋಡಿದರೆ ಹಾಯಿ ನೆಟ್ಟಗೆ ನಿಲ್ಲಿಸುವ ಬ್ಯಾಟನ್ ಪಟ್ಟಿ ಅದರ ಜೇಬಿಗಿಂತ ಒಂದು ಇಂಚು ಉದ್ದ. ಹ್ಯಾಕ್ಸಾ ಬ್ಲೇಡು ಬೇಡಿ ತಂದು, ಪಟ್ಟಿಯನ್ನು ಮೊಣಕಾಲ ಮೇಲಿಟ್ಟು ಕೊಯ್ದೆ. ಚೂಪು ತುದಿಗೆ ಜೇಬು ಹರಿದೀತು ಅಂತ ಸಿಮೆಂಟ್ ಕಟ್ಟೆಗೆ ಉಜ್ಜಿ ಟೇಪ್ ಸುತ್ತಿದೆ. ಅಷ್ಟರಲ್ಲಿ ಉಳಿದವರೆಲ್ಲ ನೀರಿನಲ್ಲಿದ್ದರು.

ಅದೂ ದೊಡ್ಡ ತಪ್ಪಲ್ಲ ಬಿಡಿ. ಹಾಯಿಯ ಹಿಂದಿನ ಕೆಳಮೂಲೆಯನ್ನು ಎಲ್ಲಿಯವರೆಗೆ ಜಗ್ಗಿ ಕಟ್ಟಬೇಕು ಅಂತ ಬೂಮಿನ ಮೇಲೆ, ಅಂದರೆ ಹಾಯಿಯ ಕೆಳಗಿನ ಅಡ್ಡಗೋಲಿನ ಮೇಲೆ, ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೆವು. ಅದು ಹಳೇ ಹಾಯಿಯ ಗೆರೆ. ಹಳೆಯದು ವರ್ಷಗಟ್ಟಲೆ ಜಗ್ಗಿ ಉದ್ದ ಆಗಿತ್ತು. ಹೊಸದನ್ನೂ ಅಲ್ಲಿಗೇ ಎಳೆದು ಕಟ್ಟಿದೆವು. ಗಾಳಿ ತುಂಬಿ ಉಬ್ಬುವ ಹೊಟ್ಟೆಯೇ ಇಲ್ಲ, ಹಲಗೆ! ಬೂಮಿನುದ್ದಕ್ಕೂ ಒಂದು ಗಟ್ಟಿ ನೆರಿಗೆ. ಸಣ್ಣ ಗಾಳಿ, ದೋಣಿ ತೆವಳಿತು. ಎರಡನೇ ಸುತ್ತಿನಲ್ಲಿ ನೆರಿಗೆ ಕಣ್ಣಿಗೆ ಬಿತ್ತು. ಎರಡು ಬೆರಳಷ್ಟು ಹಗ್ಗ ಸಡಿಲ ಬಿಟ್ಟೆವು ನೋಡಿ, ದೋಣಿಗೆ ಜೀವ ಬಂತು. ಇಬ್ಬರನ್ನು ಹಿಂದೆ ಹಾಕಿದರೂ ಹನ್ನೊಂದರಲ್ಲಿ ಒಂಬತ್ತನೇ ಸ್ಥಾನ.

ಹಾಗಾಗಿ ಆ ಎರಡು ದಿನ ಸುಮ್ನೆ ಕೂರಬೇಡಿ. ಕೈಗೆ ಬಂದ ದಿನವೇ ನೆರಳಿನಲ್ಲಿ ಹರಡಿ ಬ್ಯಾಟನ್ ಹಾಕಿ ನೋಡಿ. ದೋಣಿಯ ನಂಬರ್ ಹಾಯಿಯ ಎರಡೂ ಬದಿಗೆ ಇದೆಯಾ, ಅಳತೆ ಆಗಿ ಮುದ್ರೆ ಬಿದ್ದಿದೆಯಾ ಕೇಳಿ. ಅದಿಲ್ಲದೆ ಗೆದ್ದರೂ ಯಾರಾದರೂ ಪ್ರೊಟೆಸ್ಟ್ ಹಾಕಬಹುದು. ಜಿಬ್‌ನ ಎರಡೂ ಬದಿಗೆ ಉಲ್ಲನ್ ದಾರದ ತುಂಡು ಅಂಟಿಸಿ. ಎರಡೂ ನೆಟ್ಟಗೆ ಹಿಂದಕ್ಕೆ ಹಾರಿದರೆ ಗಾಳಿ ಸರಿಯಾಗಿ ಹರೀತಿದೆ ಅಂತ ಅರ್ಥ. ಹುಸೇನ್ ಸಾಗರದ ಸುತ್ತ ಕಟ್ಟಡಗಳು, ಗಾಳಿ ದಿಕ್ಕು ಬದಲಿಸ್ತಾನೇ ಇರುತ್ತೆ. ಅಲ್ಲಿ ಆ ದಾರವೇ ನಿಮ್ಮ ಕಣ್ಣು.

ಮೊದಲ ಸಲ ಮೆಲುಗಾಳಿಯಲ್ಲೇ ಏರಿಸಿ, ಜಾಸ್ತಿ ಬಿಗಿಯಬೇಡಿ. ಹಾಯಿ ಬಟ್ಟೆ ಪಾಲಿಯೆಸ್ಟರ್, ಎಳೆಗಳ ನಡುವೆ ರಾಳ ತುಂಬಿರುತ್ತೆ. ಚರಚರ ಸದ್ದು ಅದರದ್ದೇ. ಹೊಸ ಧೋತರದ ಗಂಜಿ ಇದ್ದ ಹಾಗೆ. ಧೋತರದ ಗಂಜಿ ಬಿಟ್ಟರೆ ಮೈಗೆ ಹಿತ, ಹಾಯಿಯ ಗಂಜಿ ಬಿಟ್ಟರೆ ಆಕಾರವೇ ಹೋಯಿತು. ಗಾಳಿಗೆ ಬಡಿದಷ್ಟೂ ಅದು ಬಿಡುತ್ತೆ. ದಡದಲ್ಲಿ ಏರಿಸಿಟ್ಟು ಪಟಪಟ ಬಡಿಯಲು ಬಿಟ್ಟು ಚಹಾಕ್ಕೆ ಹೋಗುವವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ಬೂಮಿನ ಮೇಲೆ ಬೇರೆ ಬಣ್ಣದಲ್ಲಿ ಹೊಸ ಗೆರೆ ಎಳೆಯಿರಿ. ನಾಲ್ಕು ತಾಸಾದರೂ ಓಡಿಸಿದ್ದರೆ ಹೊಸದನ್ನೇ ಏರಿಸಿ. ಆ ಎರಡು ದಿನ ಗಾಳಿಯೇ ಬೀಸಲಿಲ್ಲವೋ, ಹಳೆಯದರಲ್ಲೇ ಹೋಗಿ. ಅದರ ಗುಣ ನಿಮಗೆ ಗೊತ್ತು.

ಪ್ರಶ್ನೆ: ನಾನು ಲಾರಿಗಳ ತಾಡಪತ್ರಿ ಹೊಲಿಯುವವ. ಹಾಯಿ ಹೊಲಿಯಬಹುದಾ?
— ಓದುಗ, ಹಳೇ ಹುಬ್ಬಳ್ಳಿ

ಉತ್ತರ: ನಿಮ್ಮ ಮಷಿನ್ ಜಿಗ್‌ಜಾಗ್ ಹಾಕುತ್ತಾ? ನೇರ ಹೊಲಿಗೆಯಾದರೆ ಬಟ್ಟೆ ಜಗ್ಗಿದಾಗ ದಾರ ಹರಿಯುತ್ತೆ. ಇನ್ನೊಂದು, ತಾಡಪತ್ರಿ ಸಪಾಟಾಗಿರಬೇಕು, ಹಾಯಿ ಹಾಗಿರಬಾರದು. ಪಟ್ಟಿಗಳ ಅಂಚನ್ನು ತುಸು ಬಿಲ್ಲಿನಂತೆ ಕತ್ತರಿಸಿ ಕೂಡಿಸ್ತಾರೆ, ರವಿಕೆಗೆ ಟಕ್ಸ್ ಹಿಡಿದಂತೆ. ಹೊಟ್ಟೆ ಬರೋದು ಹೆಚ್ಚಾಗಿ ಅದರಿಂದಲೇ. ಬಟ್ಟೆ ಕ್ರಾಸಿನಲ್ಲಿ ಎಷ್ಟು ಜಗ್ಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ನಮ್ಮ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲೀತಾರೆ. ಬಾವುಟ ಪಟಪಟ ಹಾರಬೇಕು, ಹಾಯಿ ಹಾಗೆ ಹಾರಿದರೆ ನಷ್ಟ. ಮೊದಲು ಹರಿದ ಹಾಯಿಗೆ ತೇಪೆ ಹಾಕಿ ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಮಗನ ದೋಣಿಯ ಹಾಯಿಯನ್ನು ಮಡಚಿ ಟ್ರಂಕಿನಲ್ಲಿ ಇಡಬಹುದಾ?
— ಓದುಗಿ, ಗದಗ

ಉತ್ತರ: ಬೇಡಕ್ಕಾ. ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಚಾಪೆಯಂತೆ ಸುರುಳಿ ಸುತ್ತಿ ಇಡಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ಗೆರೆ ಬೀಳುತ್ತೆ. ನಮ್ಮ ಮನೆಯಲ್ಲಿ ಮಡಚುವ ಹಾಯಿ ಒಂದೇ, ಮುಂಬೈಯಿಂದ ತಂದ ಆ ಹಳೆಯದು. ಬೇಸಿಗೆಯಲ್ಲಿ ನಮ್ಮಾಕೆ ಅದರ ಮೇಲೆ ಶ್ಯಾವಿಗೆ ಒಣಗಿಸುತ್ತಾಳೆ.