ಪರದೇಶದಲ್ಲಿ ಕುಡಿತ ಬಿಡುವವರಿಗೆ ಗುಂಪು ಸಿಗುವ ಬಗೆ

ನಮಸ್ಕಾರ. ಈ ದೇಶಕ್ಕೆ ಬಂದ ಮೇಲೆ ಸಂಜೆ ಒಬ್ಬರೇ ಕುಳಿತು ಕುಡಿಯುವುದು ರೂಢಿಯಾಗಿದೆ, ಬಿಡಬೇಕೆಂದಿದ್ದೀರಿ, ಅದಕ್ಕೆ ನೆರವಾಗುವ ಗುಂಪನ್ನು ಹುಡುಕುವುದು ಹೇಗೆ, ಹೋದರೆ ಕೆಲಸಕ್ಕೋ ವೀಸಾಕ್ಕೋ ತೊಂದರೆಯಾದೀತೇ ಎಂದು ಕೇಳಿದ್ದೀರಿ. ನಾನು ಹೊರದೇಶದಲ್ಲಿ ನೆಲೆಸಿ ಬಹಳ ಕಾಲವಾಯಿತು, ಇಂಥ ಸಭೆಗಳಿಗೆ ಹೋಗಿಯೇ ಕುಡಿತದಿಂದ ಹೊರಬಂದವರಲ್ಲಿ ನಾನೂ ಒಬ್ಬ.

ಗುಂಪಿಗಿಂತ ಮೊದಲು ವೈದ್ಯರ ಮಾತು. ಬೆಳಿಗ್ಗೆ ಎದ್ದಾಗ ಕೈ ನಡುಗುವುದು, ಬೆವರುವುದು, ಒಂದು ಗುಟುಕು ಒಳಗೆ ಹೋದ ಮೇಲಷ್ಟೇ ಅದು ಶಮನವಾಗುವುದು ನಿಮ್ಮಲ್ಲಿದ್ದರೆ, ಹಟ ತೊಟ್ಟು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಬಹಳ ಕಾಲ ಹೆಚ್ಚಾಗಿ ಕುಡಿದವರು ಏಕಾಏಕಿ ಬಿಟ್ಟಾಗ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣಿಸಿಕೊಂಡು ದಿಕ್ಕುತಪ್ಪಿದಂತಾಗುವ, ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿಯೂ ಬರಬಹುದು. ವೈದ್ಯರಿಗೆ ಎಷ್ಟು ಕುಡಿಯುತ್ತೀರೆಂಬುದನ್ನು ಮುಚ್ಚಿಡದೆ ಹೇಳಿದರೆ ಕೆಲವು ದಿನಗಳ ಔಷಧಿ ಮತ್ತು ಬಿ1 ವಿಟಮಿನ್ ಕೊಟ್ಟು ಸುರಕ್ಷಿತವಾಗಿ ದಾಟಿಸುತ್ತಾರೆ. ಈ ಕೆಲಸ ಯಾವ ಗುಂಪಿನಿಂದಲೂ ಆಗುವಂಥದ್ದಲ್ಲ.

ಇನ್ನು ಹುಡುಕುವ ವಿಚಾರ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ 1935ರಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಇಂದು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇದೆ. ಆಯಾ ದೇಶದ ಎ.ಎ. ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಸಭೆಗಳ ದಿನ, ಹೊತ್ತು, ಸ್ಥಳಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ‘ಓಪನ್’ ಎಂದಿದ್ದರೆ ಯಾರು ಬೇಕಾದರೂ ಹೋಗಿ ಕುಳಿತು ಕೇಳಬಹುದು. ‘ಕ್ಲೋಸ್ಡ್’ ಎಂದಿದ್ದರೆ ಅದು ಕುಡಿತ ಬಿಡುವ ಇಚ್ಛೆಯುಳ್ಳವರಿಗೆ ಮಾತ್ರ, ಎಂದರೆ ನಿಮಗೂ ಅಲ್ಲಿ ಜಾಗವಿದೆ. ನೀವು ಸಾಮಾನ್ಯವಾಗಿ ಬಾಟಲಿ ತೆರೆಯುವ ಹೊತ್ತಿಗೇ ನಡೆಯುವ ಸಭೆಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ದಿನದ ಅತ್ಯಂತ ಕಷ್ಟದ ಗಂಟೆ ನಾಲ್ಕು ಜನರ ನಡುವೆ ಕಳೆದುಹೋಗುತ್ತದೆ. ಆನ್‌ಲೈನ್ ಸಭೆಗಳೂ ಇವೆ, ಮೊದಲ ಸಂಕೋಚ ಕಳೆಯಲು ಅವು ಸಾಕು, ಆದರೆ ಕೋಣೆಯಲ್ಲಿ ಒಬ್ಬರೇ ಕುಡಿಯುವ ಅಭ್ಯಾಸವಾದವರು ಅದೇ ಕೋಣೆಯಲ್ಲಿ ಕುಳಿತು ಪರದೆ ನೋಡುವುದಕ್ಕೆ ಮಿತಿಯಿದೆ.

ಸಭೆ ಸುಮಾರು ಒಂದು, ಒಂದೂವರೆ ಗಂಟೆಯದು. ಹಾಜರಿ ಪುಸ್ತಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಶುಲ್ಕವಿಲ್ಲ. ಖರ್ಚಿಗೆಂದು ಬುಟ್ಟಿಯೊಂದು ಕೈಯಿಂದ ಕೈಗೆ ಬರುತ್ತದೆ, ಹೊಸಬರು ಅದನ್ನು ಹಾಗೆಯೇ ಪಕ್ಕದವರಿಗೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮ್ಮ ಸರದಿ ಬಂದಾಗ ಹೆಸರು ಹೇಳಿ, ಇಂದು ಕೇಳಿಸಿಕೊಳ್ಳಲು ಬಂದಿದ್ದೇನೆ ಎಂದರೆ ಸಾಕು. ನಮ್ಮವರನ್ನು ಗಲಿಬಿಲಿಗೊಳಿಸುವ ಸಂಗತಿ ಬೇರೊಂದಿದೆ. ಕಷ್ಟ ಹೇಳಿಕೊಂಡರೆ ಹಿರಿಯರು ಬುದ್ಧಿ ಹೇಳುತ್ತಾರೆ, ಕಿರಿಯರು ಸಮಾಧಾನ ಮಾಡುತ್ತಾರೆ ಎಂಬುದಕ್ಕೆ ನಾವು ಒಗ್ಗಿದವರು. ಅಲ್ಲಿಯಾದರೋ ಮನಸ್ಸು ಬಿಚ್ಚಿ ಮಾತನಾಡಿ ಮುಗಿಸಿದರೂ ಒಂದು ‘ಥ್ಯಾಂಕ್ಸ್’ ಕೇಳಿಸುತ್ತದೆ, ಮಾತು ಮುಂದಿನವರಿಗೆ ಹೋಗುತ್ತದೆ. ಅದನ್ನು ಉದಾಸೀನವೆಂದು ತಿಳಿಯಬೇಡಿ. ಒಬ್ಬರ ಮಾತಿಗೆ ಇನ್ನೊಬ್ಬರು ತೀರ್ಪು ಕೊಡಬಾರದೆಂಬ ಕಟ್ಟುಪಾಡು ಬಹುಪಾಲು ಗುಂಪುಗಳಲ್ಲಿದೆ, ಮತ್ತು ಆ ಕಟ್ಟುಪಾಡಿನಿಂದಲೇ ಜನ ನಿಜ ಹೇಳುತ್ತಾರೆ. ಆತ್ಮೀಯ ಮಾತುಕತೆ ನಡೆಯುವುದು ಸಭೆ ಮುಗಿದು ಕುರ್ಚಿಗಳನ್ನು ಎತ್ತಿಡುವಾಗ. ಆದ್ದರಿಂದ ಮುಗಿದ ಕೂಡಲೇ ಎದ್ದು ಓಡದೆ, ಒಂದೆರಡು ಕುರ್ಚಿ ಎತ್ತಿಡಿ, ಯಾರಾದರೂ ಫೋನ್ ನಂಬರ್ ಕೊಟ್ಟರೆ ಇಟ್ಟುಕೊಳ್ಳಿ. ಮುಂದೆ ನಿಮ್ಮ ಸ್ಪಾನ್ಸರ್ ಆಗಿ, ಅಂದರೆ ಮೊದಲೇ ಕುಡಿತ ಬಿಟ್ಟ ಹಳೆಯ ಸದಸ್ಯರಾಗಿ, ಕೈಹಿಡಿದು ನಡೆಸುವವರು ಹೆಚ್ಚಾಗಿ ಹೀಗೆಯೇ ಸಿಗುತ್ತಾರೆ.

ಗುಂಪಿಗೆ ಹೋದದ್ದು ಅದರ ಮೂಲಕ ಕಚೇರಿಗಾಗಲಿ ವೀಸಾ ಇಲಾಖೆಗಾಗಲಿ ತಲುಪುವ ವ್ಯವಸ್ಥೆಯೇ ಇಲ್ಲ. ವೈದ್ಯರ ಕಡತದಲ್ಲಿ ದಾಖಲೆ ಉಳಿಯುವುದು ನಿಜವಾದರೂ, ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದ ದಾಖಲೆ ತರುವ ತೊಂದರೆಯ ಮುಂದೆ ಅದು ಏನೂ ಅಲ್ಲ. ನಮ್ಮ ಭಾಷೆಯವರೇ ಅಲ್ಲಿ ಎದುರಾದರೆ ಎಂಬ ಅಳುಕಿಗೆ ಉತ್ತರವೂ ಸರಳವಾಗಿದೆ: ಅವರೂ ಅದೇ ಕೆಲಸಕ್ಕೆ ಬಂದಿರುತ್ತಾರೆ.

ಎ.ಎ. ಸದಸ್ಯರು ಕುಡಿತದಿಂದ ಹೊರಬರಲು ಒಂದೊಂದಾಗಿ ಅನುಸರಿಸುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ; ಅವರವರು ತಿಳಿದಂತೆ ಎಂಬ ಸಡಿಲಿಕೆಯಿದ್ದರೂ ಕೆಲವರಿಗೆ ಅದು ಹಿಡಿಸುವುದಿಲ್ಲ. ಅಂಥವರಿಗೆ 1994ರಿಂದ ನಡೆಯುತ್ತಿರುವ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಬಗೆಯ ಗುಂಪು ಇದೆ. ಅಲ್ಲಿ ಕುಡಿಯುವ ಹಂಬಲ ಎದ್ದಾಗ ಏನು ಯೋಚಿಸಬೇಕು, ಏನು ಮಾಡಬೇಕು ಎಂಬುದರ ಅಭ್ಯಾಸವೇ ಮುಖ್ಯ. ಬರಿಯ ಮಾತಿನಿಂದ ಏನಾದೀತು ಎಂಬ ಸಂದೇಹ ನಿಮಗಿದ್ದರೆ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಪರಿಶೀಲಿಸಿ ಕೊಟ್ಟ 2020ರ ವರದಿಯನ್ನು ನೋಡಬಹುದು: ಜನರನ್ನು ಕ್ರಮವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆಯು, ಪೂರ್ತಿ ಬಿಟ್ಟಿರುವ ಮಟ್ಟಿಗೆ, ಇತರ ಚಿಕಿತ್ಸಾ ಕ್ರಮಗಳಿಗಿಂತ ಹೆಚ್ಚು ಫಲ ಕೊಟ್ಟಿತೆಂದು ಅದು ಕಂಡುಕೊಂಡಿದೆ.

ಮೊದಲ ಸಭೆ ನೀರಸವೆನಿಸಿದರೆ ಬೇರೆ ಗುಂಪಿಗೆ ಹೋಗಿ. ಒಂದೊಂದರ ಗುಣವೂ ಬೇರೆ, ನಾಲ್ಕಾರು ನೋಡದೆ ತೀರ್ಮಾನಿಸುವುದು ಸರಿಯಲ್ಲ. ಹೊಂದಿದ್ದು ಸಿಕ್ಕಿದ ಮೇಲೆ ಮಾತ್ರ ಅಲ್ಲಿಗೇ ವಾರವಾರವೂ ಹೋಗಿ, ಏಕೆಂದರೆ ನೀವು ಒಂದು ವಾರ ಬಾರದಿದ್ದಾಗ ಗಮನಿಸಿ ಕರೆ ಮಾಡುವವರು ಪರದೇಶದಲ್ಲಿ ಬೇರೆ ಯಾರೂ ಇರುವುದಿಲ್ಲ. ಮನೆಯವರು ನಿಮ್ಮ ಜೊತೆ ಇದ್ದರೆ ಅವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಗುಂಪು 1951ರಿಂದಲೇ ಇದೆ. ಅವರು ಹೋಗಲು ನೀವು ಕುಡಿತ ಬಿಟ್ಟಿರಲೇಬೇಕೆಂದಿಲ್ಲ.