ಆ ಪತ್ರಕ್ಕೆ ಸಹಿ ಹಾಕಬೇಡಿ

ಪ್ರಶ್ನೆ: ಮಗನಿಗೆ 26 ವರ್ಷ, ಮಂಗಳೂರಿನಲ್ಲಿ ಕೆಲಸ. ಹುಡುಗಿ ನೋಡಲು ಹೊರಟಾಗ, ತನಗೆ ಹುಡುಗರ ಮೇಲೆಯೇ ಮನಸ್ಸು ಎಂದು ನನ್ನಲ್ಲಿ ಹೇಳಿ ಅತ್ತ. ವಿಷಯ ಮೈದುನನ ಕಿವಿಗೆ ಬಿದ್ದಿದೆ. ಜಾಗದಲ್ಲಿ ನಮ್ಮ ಪಾಲು ಬಿಟ್ಟು ಸಹಿ ಹಾಕದಿದ್ದರೆ 377 ಕೇಸು ಹಾಕಿಸಿ ಹತ್ತು ವರ್ಷ ಒಳಗೆ ಕೂರಿಸುತ್ತೇನೆ ಎನ್ನುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ಬ್ರಹ್ಮಾವರ

ಉತ್ತರ: ತಂಗೀ, ಸಹಿ ಹಾಕಬೇಡಿ. ನಿಮ್ಮ ಮಗ ಯಾವ ಅಪರಾಧವನ್ನೂ ಮಾಡಿಲ್ಲ. 377 ಎಂದರೆ ಗಂಡಸರಿಬ್ಬರು ಕೂಡುವುದನ್ನೂ ಅಪರಾಧ ಎನ್ನುತ್ತಿದ್ದ, ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ. ಒಪ್ಪಿ ಕೂಡಿದ ವಯಸ್ಕರಿಗೆ ಅದು ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟರು. ಆ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಕಲಮೇ ಇಲ್ಲ. ಹೆದರಿಸಿ ಆಸ್ತಿ ಬರೆಸಿಕೊಳ್ಳಲು ಹೊರಟ ನಿಮ್ಮ ಮೈದುನನಿಗೆ ಮಾತ್ರ ಅದರಲ್ಲಿ 308ನೇ ಕಲಂ ಇದೆ. ಸಹಿ ಬೀಳುವವರೆಗೆ ಕಾಯಬೇಕೆಂದಿಲ್ಲ, ಸುಲಿಗೆಗಾಗಿ ಹೆದರಿಸಿದ್ದಕ್ಕೇ ಶಿಕ್ಷೆಯಿದೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಒಪ್ಪಿ ಕೂಡಿದ ವಯಸ್ಕರದ್ದು ಅಪರಾಧವಲ್ಲ ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ತೆರೆದ ಬಾಗಿಲನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರಿನಲ್ಲಿ ಮತ್ತೆ ಮುಚ್ಚಿತು. ಮರುವರ್ಷದ ಮಳೆಗಾಲದಲ್ಲಿ ಮಂಗಳೂರು ಹಂಪನಕಟ್ಟೆಯ ನನ್ನ ಆಫೀಸಿಗೆ ಒಬ್ಬ ಹುಡುಗ ಬಂದ. ಒದ್ದೆ ಕೊಡೆ ಮೂಲೆಯಲ್ಲಿಟ್ಟು, ಪರ್ಸಿನಿಂದ ಎಟಿಎಂ ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದ. ಹನ್ನೊಂದು ಇದ್ದವು. ಪ್ರತಿ ತಿಂಗಳೂ ಐದು ಸಾವಿರ, ಪರಿಚಯದವನೊಬ್ಬನ ಬಾಯಿ ಮುಚ್ಚಿಸಲಿಕ್ಕೆ. ದೂರು ಕೊಟ್ಟರೆ ತಾನೇ ಅಪರಾಧಿ ಎಂದು ಬರೆದುಕೊಟ್ಟ ಹಾಗೆ. ನನ್ನಿಂದ ಅವನಿಗೆ ಏನೂ ಮಾಡಲಾಗಲಿಲ್ಲ. ಆ ಚೀಟಿಗಳ ಮಾಸಿದ ಅಕ್ಷರ ಈಗಲೂ ಕಣ್ಣಮುಂದೆ ಇದೆ.

ಈ ಕಾನೂನು ಹುಟ್ಟಿದ ಊರಲ್ಲೂ ಇದೇ ಕತೆ. 1533ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಇಂಗ್ಲೆಂಡ್ ಇದಕ್ಕೆ ಗಲ್ಲು ಎಂದಿತು. ಕೊನೆಯ ಇಬ್ಬರನ್ನು ಲಂಡನ್ನಿನಲ್ಲಿ ನೇಣಿಗೆ ಹಾಕಿದ್ದು 1835ರಲ್ಲಿ. 1885ರಲ್ಲಿ ಅಲ್ಲಿ ಬಂದ ಇನ್ನೊಂದು ಕಾನೂನಿಗೆ ಜನ ಇಟ್ಟ ಹೆಸರೇ ‘ಬ್ಲಾಕ್‌ಮೇಲ್ ಮಾಡುವವರ ಸನ್ನದು’. ಲೇಖಕ ಆಸ್ಕರ್ ವೈಲ್ಡ್ ಎರಡು ವರ್ಷದ ಕಠಿಣ ಸಜೆ ಉಂಡದ್ದು ಅದರಡಿಯಲ್ಲೇ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1862ರಲ್ಲಿ, 377 ಇಲ್ಲಿಗೂ ಬಂತು. ಫ್ರಾನ್ಸ್ 1791ರಲ್ಲೇ ಇಂಥದ್ದನ್ನು ಕೈಬಿಟ್ಟಿತ್ತು, ಇಂಗ್ಲೆಂಡ್ 1967ರಲ್ಲಿ ಬಿಟ್ಟಿತು. ನಾವು ಮತ್ತೂ 51 ವರ್ಷ ಹಿಡಿದುಕೊಂಡೆವು.

ನಮ್ಮ ಕಡೆ ಗಲ್ಫಿಗೆ ಹೋಗದ ಮನೆಯಿಲ್ಲವಲ್ಲ, ಅದಕ್ಕೆ ಹೇಳುತ್ತೇನೆ: ಕುವೈತಿನಲ್ಲಿ ಇದಕ್ಕೆ ಏಳು ವರ್ಷದವರೆಗೆ ಜೈಲಿದೆ. ಮಗ ವೀಸಾ ಮಾಡಿಸುವ ಮೊದಲು ಇದು ಅವನಿಗೆ ಗೊತ್ತಿರಲಿ.

2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಚರಿತ್ರೆ ಈ ಜನರಲ್ಲೂ ಅವರ ಕುಟುಂಬದವರಲ್ಲೂ ಕ್ಷಮೆ ಕೇಳಬೇಕಾಗಿದೆ ಎಂದು ಬರೆದರು. ಕುಟುಂಬದವರು ಎಂದರೆ ನೀವೂ ಬಂದಿರಿ, ತಂಗೀ.

ಮೈದುನನ ಮೆಸೇಜು, ವಾಯ್ಸ್ ನೋಟ್ ಯಾವುದನ್ನೂ ಅಳಿಸಬೇಡಿ. ಉಡುಪಿ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಅಲ್ಲಿ ವಕೀಲರು ಉಚಿತ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ.