ಆರು ವಾರ, ಎಂಟು ವಾರ: ಎರಡೂ ಸರಿ

ಅಕ್ಕನವರೇ, ಯಜಮಾನರು ರಜೆಗೆ ಗದಗಿಗೆ ಬಂದು ಆರೇ ವಾರವಾಗಿರುವಾಗ ಸ್ಕ್ಯಾನಿಂಗ್ ವರದಿಯಲ್ಲಿ ಬಸಿರಿಗೆ ಎಂಟು ವಾರ ಎಂದು ಹೇಗೆ ಬಂತು, ನೆಗೆಣ್ಣಿ ಆಡಿಕೊಳ್ಳುತ್ತಿದ್ದಾಳೆ ಎಂದು ಕೇಳಿದ್ದೀರಿ. ವರದಿ ಸರಿಯಾಗಿಯೇ ಇದೆ. ವೈದ್ಯರು ಬಸಿರನ್ನು ಎಣಿಸುವುದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದು ಆ ಮೊದಲ ದಿನದಿಂದ ಸುಮಾರು 14 ದಿನಕ್ಕೆ. ಹಾಗಾಗಿ ಮೊದಲ ಎರಡು ವಾರ ಕೂಸು ಹೊಟ್ಟೆಯಲ್ಲಿರುವುದಿಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತದೆ! ನಿಮ್ಮ ಆರಕ್ಕೆ ಎರಡು ಕೂಡಿಸಿ ನೋಡಿ. ಹೆರಿಗೆಯ ದಿನಾಂಕಕ್ಕೂ ಇದೇ ಅಳತೆ, 280 ದಿನ. ಅಜ್ಜಿಯರ ‘ಒಂಬತ್ತು ತಿಂಗಳು ಒಂಬತ್ತು ದಿನ’ವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಸರಿಯಾಗಿ ಅದೇ ದಿನ ಹುಟ್ಟುವ ಕೂಸುಗಳು ನೂರಕ್ಕೆ ನಾಲ್ಕೈದು. ನೆಗೆಣ್ಣಿಗೆ ಇದನ್ನೇ ಓದಿ ಹೇಳಿ. ಕುಬಸಕ್ಕೆ (ಸೀಮಂತಕ್ಕೆ) ತಿಂಗಳು ಎಣಿಸುವಾಗ ಮಾತ್ರ ಹಿರಿಯರ ಲೆಕ್ಕವೇ ನಡೆಯಲಿ, ಅಲ್ಲಿ ಸ್ಕ್ಯಾನಿಂಗ್ ವರದಿಯನ್ನು ಯಾರೂ ಕೇಳುವುದಿಲ್ಲ.